ರಕ್ತದ ಚೀಟಿ, ಮಣ್ಣಿನ ಚೀಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಲ್ಯಾಬ್ ರಿಪೋರ್ಟಿನ ಅಂಕಿ ಅರ್ಥವಾಗದಿದ್ದರೆ ಬರೆದು ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆ. ಬಂದ ಕಾಗದಗಳನ್ನು ಟೇಬಲ್ ಮೇಲೆ ಹರಡಿ ನೋಡಿದರೆ ಅರ್ಧ ರಕ್ತ ಪರೀಕ್ಷೆಯವು, ಇನ್ನರ್ಧ ಮಣ್ಣು ಪರೀಕ್ಷೆಯವು. ಇವನ್ನು ಬೇರೆ ಬೇರೆ ಕಟ್ಟು ಮಾಡಲು ನನಗೆ ಮನಸ್ಸು ಬರಲಿಲ್ಲ. ಮೊದಲ ಆರು ವರ್ಷ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಆಮೇಲಿನ 23 ವರ್ಷ ಮಣ್ಣು ಪರೀಕ್ಷಾ ಕೇಂದ್ರದಲ್ಲಿ. ಎರಡೂ ಕಡೆ ಜನ ಚೀಟಿ ಹಿಡಿದು ಬಂದು ಕೇಳುತ್ತಿದ್ದದ್ದು ಒಂದೇ ಮಾತು: "ಮೇಡಂ, ಇದು ಜಾಸ್ತಿನಾ, ಕಮ್ಮಿನಾ?"

ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಅಂಕಿಯ ಪಕ್ಕದ ಸಣ್ಣ ಅಕ್ಷರಕ್ಕೆ. ಏನನ್ನು ಅಳೆದಿದ್ದಾರೆ, ತೂಗಿದ್ದಾರೋ ಎಣಿಸಿದ್ದಾರೋ, ಎಷ್ಟರಲ್ಲಿ ಅಷ್ಟಿದೆ? ಈ ಮೂರೂ ಗೊತ್ತಾಗುವ ತನಕ ಜಾಸ್ತಿ, ಕಮ್ಮಿ ಅಂತ ನಾನು ಬಾಯಿ ಬಿಡುತ್ತಿರಲಿಲ್ಲ. ಇವತ್ತಿನ ಉತ್ತರಗಳನ್ನೂ ಹಾಗೇ ಓದಿಕೊಳ್ಳಿ.

ಪ್ರಶ್ನೆ: ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಲ್ಲಿಯ ಮೆಷಿನ್ನಿನಲ್ಲಿ ನೋಡಿಕೊಂಡೆ. 7.8 ಅಂತ ಬಂತು. ಊರಲ್ಲಿ ಯಾವಾಗಲೂ 130, 140 ಇರುತ್ತಿತ್ತು. ಸಕ್ಕರೆ ಬಿದ್ದುಹೋಯಿತು ಅಂತ ಹೆದರಿ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡೆ. ಅಲ್ಲೇ ಮಾಡಿಸಿದ ಮೂರು ತಿಂಗಳ ಸಕ್ಕರೆ ಪರೀಕ್ಷೆಯಲ್ಲಿ 53 ಅಂತ ಕೊಟ್ಟಿದ್ದಾರೆ. ಇಲ್ಲಿ 7 ಇರುತ್ತಿತ್ತು. ಏನಿದು ಮೇಡಂ?
— ತಿಪಟೂರಿನಿಂದ ಒಬ್ಬ ತಾಯಿ

ಉತ್ತರ: ಅಮ್ಮಾ, ನೀವು ತಿಪಟೂರಿನವರು. ನಿಮ್ಮೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಎಣಿಕೆಯಲ್ಲಿ, ಕೊಬ್ಬರಿ ವ್ಯಾಪಾರ ಕ್ವಿಂಟಾಲಿನಲ್ಲಿ. ಸಾವಿರ ಕಾಯಿ ಅಂದರೂ ಒಂದು ಲೆಕ್ಕ, ಇಷ್ಟು ಕ್ವಿಂಟಾಲ್ ಅಂದರೂ ಒಂದು ಲೆಕ್ಕ. ಲಂಡನ್ನಿನ ಮೆಷಿನ್ ನಿಮ್ಮ ರಕ್ತದ ಸಕ್ಕರೆಯನ್ನು ಎಣಿಸಿ ಹೇಳಿದೆ. ನಮ್ಮೂರಿನ ಮೆಷಿನ್ ತೂಗಿ ಹೇಳುತ್ತದೆ. ನಿಮ್ಮ ಸಕ್ಕರೆ ಬಿದ್ದಿರಲಿಲ್ಲ. 7.8ನ್ನು 18ರಿಂದ ಗುಣಿಸಿ, 140 ಬರುತ್ತದೆ. ನಿಮ್ಮ ಹಳೆಯ ಅಂಕಿಯೇ ಅದು.

18 ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಆಗ ಮರೆಯುವುದಿಲ್ಲ. ರಸಾಯನಶಾಸ್ತ್ರದವರು ಕಣಗಳನ್ನು ಎಣಿಸುವ ಕಟ್ಟಿಗೆ ಮೋಲ್ ಅಂತ ಹೆಸರು. ಡಜನ್ ಅಂದರೆ 12. ಮೋಲ್ ಅಂದರೆ ಸುಮಾರು 6ರ ಮುಂದೆ 23 ಸೊನ್ನೆ ಇಟ್ಟಷ್ಟು. ಒಂದು ಮೋಲ್ ಗ್ಲೂಕೋಸ್ 180 ಗ್ರಾಂ ತೂಗುತ್ತದೆ. ಅದರ ಸಾವಿರದಲ್ಲೊಂದು ಪಾಲು, ಅಂದರೆ ಒಂದು ಮಿಲಿಮೋಲ್, 180 ಮಿಲಿಗ್ರಾಂ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಒಂದು ಲೀಟರ್ ರಕ್ತದಲ್ಲಿ ಎಷ್ಟು ಮಿಲಿಮೋಲ್ ಅಂತ ಹೇಳುತ್ತಾರೆ. ನಮ್ಮಲ್ಲಿ, ಅಮೆರಿಕದಲ್ಲಿ 100 ಮಿ.ಲೀ. ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಅಂತ ಹೇಳುತ್ತಾರೆ. ಅದೇ ಎಂಜಿ/ಡಿಎಲ್. ಲೀಟರಿಗೆ 180 ಇದ್ದದ್ದು 100 ಮಿ.ಲೀ.ಗೆ 18 ಆಯಿತು. ಅಷ್ಟೇ.

ಈ 18 ಗ್ಲೂಕೋಸಿಗೆ ಮಾತ್ರ. ನಿಂಬೆಹಣ್ಣೂ ಒಂದು ಡಜನ್, ಕುಂಬಳಕಾಯಿಯೂ ಒಂದು ಡಜನ್, ತೂಕ ಒಂದೇನಾ? ಕೊಲೆಸ್ಟ್ರಾಲ್ ಕಣ ಭಾರ, ಅದಕ್ಕೆ 38.7ರಿಂದ ಗುಣಿಸಬೇಕು. ಟ್ರೈಗ್ಲಿಸರೈಡ್‌ಗೆ 88.6. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಆ ಕಡೆಯ ದೇಶಗಳಲ್ಲಿ ಮಿಲಿಮೋಲಿನ ಸಾವಿರದಲ್ಲೊಂದು ಪಾಲಾದ ಮೈಕ್ರೋಮೋಲ್‌ನಲ್ಲಿ ಬರುತ್ತದೆ, ಅದನ್ನು 88.4ರಿಂದ ಭಾಗಿಸಬೇಕು. ನಮ್ಮ ಪಕ್ಕದ ಮನೆಯವರು ಟೊರಾಂಟೊದಿಂದ ಫೋನ್ ಮಾಡಿ "ಕ್ರಿಯಾಟಿನಿನ್ 97 ಅಂತೆ, ಡಯಾಲಿಸಿಸ್ ಮಾಡಬೇಕಾ?" ಅಂತ ಅಳುತ್ತಿದ್ದರು. 97ನ್ನು 88.4ರಿಂದ ಭಾಗಿಸಿದರೆ 1.1. ಅವರ ಊರಿನ ರಿಪೋರ್ಟಿನಲ್ಲೂ ಅಷ್ಟೇ ಇತ್ತು.

ಮೂರು ತಿಂಗಳ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಸ್ವಲ್ಪ ಬೇರೆ. ಇಲ್ಲಿ ಬರೀ ಗುಣಿಸಿದರೆ ಸಾಲದು, ಎರಡು ಪದ್ಧತಿಗಳ ಸೊನ್ನೆ ಒಂದೇ ಜಾಗದಲ್ಲಿಲ್ಲ. ನಮ್ಮ ಪರ್ಸೆಂಟಿನಿಂದ 2.15 ಕಳೆದು 10.93ರಿಂದ ಗುಣಿಸಬೇಕು. 7ರಿಂದ 2.15 ಕಳೆದರೆ 4.85. ಗುಣಿಸಿ ನೋಡಿ, 53. ಅಲ್ಲಿಗೆ ಲಂಡನ್ನಿನ 53 ಅಂದರೆ ತಿಪಟೂರಿನ 7.

ಒಂದು ಅಂಕಿ ಮಾತ್ರ ಮಗನ ಮನೆಯ ಫ್ರಿಜ್ ಮೇಲೆ ಬರೆದು ಅಂಟಿಸಿ. ಸಕ್ಕರೆ ಬಿದ್ದಿದೆ ಅನ್ನುವ ಗೆರೆ ನಮ್ಮ ಲೆಕ್ಕದಲ್ಲಿ 70, ಅವರ ಲೆಕ್ಕದಲ್ಲಿ 3.9. ಕೈ ನಡುಗಿ, ಬೆವರು ಬಂದು, ಮೆಷಿನ್ 3.9ಕ್ಕಿಂತ ಕೆಳಗೆ ತೋರಿಸಿದರೆ ಸಕ್ಕರೆ ತಿನ್ನಿ. 7.8ಕ್ಕೆ ಬೇಡ.

ಪ್ರಶ್ನೆ: ನಮ್ಮ ತಂದೆಯವರಿಗೆ ಕಿಡ್ನಿ ತೊಂದರೆ ಇದೆ. ಒಂದು ಲ್ಯಾಬಿನಲ್ಲಿ ಬ್ಲಡ್ ಯೂರಿಯಾ 45 ಬಂತು. ಮುಂದಿನ ವಾರ ಬೇರೆ ಲ್ಯಾಬಿನಲ್ಲಿ ಬಿಯುಎನ್ 21 ಬಂತು. ಎರಡರಲ್ಲೂ ಎಂಜಿ/ಡಿಎಲ್ ಅಂತಲೇ ಇದೆ. ಅರ್ಧಕ್ಕಿಂತ ಕಮ್ಮಿಯಾಯಿತು ಅಂತ ಮನೆಯಲ್ಲಿ ಪಾಯಸ ಮಾಡಿದೆವು. ಡಾಕ್ಟರು ನೋಡಿ ಏನೂ ಬದಲಾಗಿಲ್ಲ ಅಂದರು.
— ಹುಬ್ಬಳ್ಳಿಯಿಂದ

ಉತ್ತರ: ಡಾಕ್ಟರು ಹೇಳಿದ್ದು ಸರಿ. ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ. ಆಸ್ಪತ್ರೆ ಲ್ಯಾಬಿನ ಕಿಟಕಿಯಲ್ಲಿ ಕೂತಾಗ ಇಂಥ ಖುಷಿಯ ಮುಖಗಳನ್ನು ನೋಡಿ, ಆಮೇಲೆ ನಿಜ ಹೇಳಬೇಕಾಗಿ ಬಂದಾಗ ಗಂಟಲು ಕಟ್ಟುತ್ತಿತ್ತು.

ಇಲ್ಲಿ ಯೂನಿಟ್ ಒಂದೇ. ತೂಗಿದ ಪದಾರ್ಥ ಬೇರೆ. ಮೊದಲ ಲ್ಯಾಬ್ ಇಡೀ ಯೂರಿಯಾವನ್ನು ತೂಗಿದೆ. ಎರಡನೆಯದು ಆ ಯೂರಿಯಾದೊಳಗಿನ ಸಾರಜನಕವನ್ನು ಮಾತ್ರ ತೂಗಿದೆ. ಬಿಯುಎನ್‌ನ ಕೊನೆಯ 'ಎನ್' ಅಂದರೆ ನೈಟ್ರೋಜನ್. ಕಾಯಿಯನ್ನು ಸಿಪ್ಪೆ ಸಮೇತ ತೂಗುವುದಕ್ಕೂ ಸುಲಿದು ತೂಗುವುದಕ್ಕೂ ಇರುವ ಅಂತರ ಇದು.

ನಿಮ್ಮ ಮನೆಯಲ್ಲಿ ಯಾರಾದರೂ ಹೊಲ ಮಾಡುತ್ತಿದ್ದರೆ ಅವರಿಗೆ ಈ ಲೆಕ್ಕ ಆಗಲೇ ಗೊತ್ತು. ಯೂರಿಯಾ ಗೊಬ್ಬರದ ಚೀಲದ ಮೇಲೆ 46 ಪರ್ಸೆಂಟ್ ಸಾರಜನಕ ಅಂತ ಅಚ್ಚು ಹಾಕಿರುತ್ತಾರೆ. ರಕ್ತದಲ್ಲಿರುವ ಯೂರಿಯಾ ಕೂಡ ಅದೇ ವಸ್ತು, ಕಣದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಯೂರಿಯಾದ ತೂಕ 60 ಭಾಗವಾದರೆ ಅದರಲ್ಲಿ ಸಾರಜನಕ 28 ಭಾಗ. ಈಗ ಬರುವ 45 ಕೆ.ಜಿ. ಚೀಲದಲ್ಲಿ ಸಾರಜನಕ ಎಷ್ಟು? ಹೆಚ್ಚೂ ಕಮ್ಮಿ 21 ಕೆ.ಜಿ. ನಿಮ್ಮ ತಂದೆಯವರ 45 ಮತ್ತು 21 ಅದೇ. ಬಿಯುಎನ್ ಇದ್ದರೆ 2.14ರಿಂದ ಗುಣಿಸಿ, ಯೂರಿಯಾ ಸಿಗುತ್ತದೆ.

ಇನ್ನು ಮೇಲೆ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಬೇರೆ ಕಡೆ ಮಾಡಿಸಲೇಬೇಕಾದರೆ ರಿಪೋರ್ಟ್ ತೆಗೆದುಕೊಳ್ಳುವ ಮೊದಲೇ "ಇದು ಯೂರಿಯಾನಾ, ಯೂರಿಯಾ ನೈಟ್ರೋಜನ್ನಾ?" ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಅಕ್ಕಾ, ನಂದು ಎರಡೂವರೆ ಎಕರೆ ದಾಳಿಂಬೆ ತೋಟ. ಸಾಯಿಲ್ ಹೆಲ್ತ್ ಕಾರ್ಡಿನಲ್ಲಿ ಪೊಟ್ಯಾಷ್ ಹೆಕ್ಟೇರಿಗೆ 323 ಕೆ.ಜಿ. ಇದೆ. ಅದೇ ಮಣ್ಣನ್ನು ಎರಡು ಪಾಲು ಮಾಡಿ ಖಾಸಗಿ ಲ್ಯಾಬಿಗೂ ಕೊಟ್ಟಿದ್ದೆ. ಅವರು ಪೊಟ್ಯಾಷಿಯಂ 120 ಪಿಪಿಎಂ ಅಂದಿದ್ದಾರೆ. ಯಾರನ್ನು ನಂಬಲಿ? ಯಾರೋ ಒಬ್ಬರು ಸುಮ್ನೆ ಬರೆದು ಕೊಟ್ಟಿದ್ದಾರೆ ಅನಿಸುತ್ತೆ.
— ಹಿರಿಯೂರಿನ ರೈತರೊಬ್ಬರು

ಉತ್ತರ: ಇಬ್ಬರನ್ನೂ ನಂಬಿ ಅಣ್ಣಾ. ನೀವು ಮಣ್ಣನ್ನು ಎರಡು ಪಾಲು ಮಾಡಿ ಕೊಟ್ಟಿರಲ್ಲ, ಆ ಕೆಲಸ ನನಗೆ ತುಂಬಾ ಇಷ್ಟವಾಯಿತು. ನಿಮ್ಮ ಮಣ್ಣು ನಮ್ಮ ಬೆಂಚಿನ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಅಂತ ಹೇಳುತ್ತೇನೆ.

ನೆರಳಲ್ಲಿ ಒಣಗಿಸಿ, ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯುತ್ತಿದ್ದೆವು. ಅದರಲ್ಲಿ 5 ಗ್ರಾಂ ತೂಗಿ, 25 ಮಿ.ಲೀ. ಅಮೋನಿಯಂ ಅಸಿಟೇಟ್ ದ್ರಾವಣ ಹಾಕಿ ಐದು ನಿಮಿಷ ಅಲುಗಾಡಿಸುತ್ತಿದ್ದೆವು. ಮಣ್ಣಿನ ಕಣಕ್ಕೆ ಅಂಟಿಕೊಂಡ ಪೊಟ್ಯಾಷಿಯಂ ಬಿಟ್ಟು ದ್ರಾವಣಕ್ಕೆ ಬರುತ್ತದೆ. ಸೋಸಿದ ತಿಳಿಯನ್ನು ಫ್ಲೇಮ್ ಫೋಟೋಮೀಟರಿನ ಸಣ್ಣ ಕೊಳವೆ ಹೀರಿಕೊಂಡು ಉರಿಗೆ ಸಿಂಪಡಿಸುತ್ತದೆ. ಪೊಟ್ಯಾಷಿಯಂ ಉರಿಗೆ ತಿಳಿ ನೇರಳೆ ಬಣ್ಣ. ಆದರೆ ಸೋಡಿಯಂ ಒಂಚೂರು ಇದ್ದರೂ ಅದರ ಹಳದಿ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಬರಿಗಣ್ಣಿಗೆ ನೇರಳೆ ಕಾಣುವುದೇ ಅಪರೂಪ. ಅದಕ್ಕೇ ಮೆಷಿನ್ನಿನಲ್ಲಿ ಫಿಲ್ಟರ್ ಇಟ್ಟಿರುತ್ತಾರೆ. ನಿಮ್ಮ ಮಣ್ಣಿಗೆ ಆ ಮೆಷಿನ್ 24 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 24 ಪಾಲು, ಅಂತ ತೋರಿಸುತ್ತಿತ್ತು.

ಈ 24 ದ್ರಾವಣದ ಲೆಕ್ಕ. 5 ಗ್ರಾಂ ಮಣ್ಣಿಗೆ 25 ಮಿ.ಲೀ. ಹಾಕಿದ್ದೇವೆ, ಐದು ಪಟ್ಟು ನೀರಾಗಿದೆ. ಹಾಗಾಗಿ 24ನ್ನು 5ರಿಂದ ಗುಣಿಸಿದರೆ ಮಣ್ಣಿನಲ್ಲಿ 120 ಪಿಪಿಎಂ, ಅಂದರೆ ಒಂದು ಕೆ.ಜಿ. ಮಣ್ಣಿನಲ್ಲಿ 120 ಮಿಲಿಗ್ರಾಂ. ಖಾಸಗಿ ಲ್ಯಾಬ್ ಇಲ್ಲಿಗೆ ನಿಲ್ಲಿಸಿ ನಿಮಗೆ ಚೀಟಿ ಕೊಟ್ಟಿದೆ.

ಕಾರ್ಡಿನವರು ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದಾರೆ. ಒಂದು ಹೆಕ್ಟೇರಿನಲ್ಲಿ ನೇಗಿಲು ಹೋಗುವ 15 ಸೆಂ.ಮೀ. ಆಳದ ಮಣ್ಣು ಎಷ್ಟು ತೂಗುತ್ತದೆ? 22.4 ಲಕ್ಷ ಕೆ.ಜಿ. ಅಂತ ಹಿಡಿಯುತ್ತಾರೆ. ಎಕರೆಗೆ 20 ಲಕ್ಷ ಪೌಂಡ್ ಅನ್ನುವ ಹಳೆಯ ಲೆಕ್ಕವೇ ಇದು. ನೀವೂ ಪರೀಕ್ಷಿಸಬಹುದು. ಹತ್ತು ಸಾವಿರ ಚದರ ಮೀಟರ್, ಆಳ 0.15 ಮೀಟರ್, ಒಟ್ಟು 1500 ಘನ ಮೀಟರ್. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್. ಹತ್ತಿರ ಹತ್ತಿರ ಅಷ್ಟೇ ಬಂತಲ್ವಾ? ಹತ್ತು ಲಕ್ಷ ಕೆ.ಜಿ.ಯಲ್ಲಿ 120 ಕೆ.ಜಿ. ಇದ್ದರೆ 22.4 ಲಕ್ಷದಲ್ಲಿ 269 ಕೆ.ಜಿ. ಅದಕ್ಕೇ ಪಿಪಿಎಂ ಅನ್ನು 2.24ರಿಂದ ಗುಣಿಸುವುದು.

ಕೊನೆಯ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. 269 ಅನ್ನುವುದು ಪೊಟ್ಯಾಷಿಯಂ. ಗೊಬ್ಬರದ ಚೀಲದವರು, ನಿಮ್ಮ ಕಾರ್ಡಿನವರು ಬರೆಯುವುದು ಆಮ್ಲಜನಕ ಸೇರಿದ ಪೊಟ್ಯಾಷ್, ಅಂದರೆ ಕೆ2ಒ. ಮತ್ತೆ ಅದೇ ಸಿಪ್ಪೆಯ ಕತೆ. ಅದಕ್ಕೆ 1.2ರಿಂದ ಗುಣಿಸಿ. 323.

24, 120, 269, 323. ನಾಲ್ಕೂ ನಿಮ್ಮದೇ ಮಣ್ಣು. ನಾಲ್ಕೂ ನಿಜ. ಈಗ ಇದು ಜಾಸ್ತಿಯೋ ಕಮ್ಮಿಯೋ ಅಂತ ನೋಡುವಾಗ ಪಟ್ಟಿ ಯಾವ ರೂಪದ್ದು ಅಂತ ಗಮನಿಸಿ. ಪೊಟ್ಯಾಷಿಯಂ ರೂಪದ ಪಟ್ಟಿಯಲ್ಲಿ 280ರ ಮೇಲಿದ್ದರೆ ಜಾಸ್ತಿ ಅನ್ನುತ್ತಾರೆ. ನಿಮ್ಮ 323ನ್ನು ಆ ಪಟ್ಟಿಯ ಮುಂದೆ ಇಟ್ಟರೆ "ಜಾಸ್ತಿ ಇದೆ, ಗೊಬ್ಬರ ಕಡಿಮೆ ಮಾಡಿ" ಅಂತ ತಪ್ಪು ಸಲಹೆ ಬರುತ್ತದೆ. ಕೆ2ಒ ಲೆಕ್ಕದಲ್ಲಿ ಆ ಗೆರೆ 336. ನೀವು ಅದರ ಕೆಳಗೇ ಇದ್ದೀರಿ, ಮಧ್ಯಮ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಸೇರಿದ ಎರಡನೇ ವರ್ಷ ನಾನೇ ಒಂದು ತಪ್ಪು ಮಾಡಿದ್ದೆ. ಹಳೆಯ ಫಾರಂ ಮುಗಿದು ಹೊಸದು ಬಂದಿತ್ತು. ಹಳೆಯದರಲ್ಲಿ ರಂಜಕ ಅಂತ ಇದ್ದ ಖಾನೆ ಹೊಸದರಲ್ಲಿ ಪಿ2ಒ5, ಅಂದರೆ ಆಮ್ಲಜನಕ ಸೇರಿದ ರಂಜಕ, ಆಗಿತ್ತು. ನಾನು ನೋಡದೆ ರಂಜಕದ 20ನ್ನೇ ಅಲ್ಲಿ ಬರೆದೆ. ರಂಜಕ 20 ಅಂದರೆ ಮಧ್ಯಮ. ಅದನ್ನು 2.29ರಿಂದ ಗುಣಿಸಿ 46 ಅಂತ ಬರೆಯಬೇಕಿತ್ತು. ಪಿ2ಒ5 ಖಾನೆಯಲ್ಲಿ 20 ಕಂಡರೆ ಯಾರಾದರೂ ಕಮ್ಮಿ ಅಂತಲೇ ಓದುತ್ತಾರೆ. ಮೆಕ್ಕೆಜೋಳ ಹಾಕಿದ್ದ ಒಬ್ಬ ರೈತರು ಆ ಚೀಟಿ ನೋಡಿ ಸಾಲ ಮಾಡಿ ಎರಡು ಚೀಲ ಡಿಎಪಿ, ಅಂದರೆ ರಂಜಕದ ಗೊಬ್ಬರ, ಜಾಸ್ತಿ ತಂದು ಹಾಕಿದ್ದರು. ರಿಜಿಸ್ಟರ್ ತಿರುವಿ ಹಾಕುವಾಗ ತಪ್ಪು ಸಿಕ್ಕಿತು. ಬಸ್ ಹತ್ತಿ ಅವರ ಊರಿಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಮಜ್ಜಿಗೆ ಕೊಟ್ಟರು. ಇಷ್ಟು ವರ್ಷವಾದರೂ ಪಿ2ಒ5 ಅಂತ ಬರೆಯುವಾಗ ನನ್ನ ಪೆನ್ನು ಒಂದು ಕ್ಷಣ ನಿಲ್ಲುತ್ತದೆ.

ನಿಮ್ಮ ಎರಡೂವರೆ ಎಕರೆ ಅಂದರೆ ಹೆಚ್ಚುಕಡಿಮೆ ಒಂದು ಹೆಕ್ಟೇರ್, ಲೆಕ್ಕ ಸುಲಭ. ಬೇರೆಯವರು ಹೆಕ್ಟೇರಿನ ಅಂಕಿಯನ್ನು 2.47ರಿಂದ ಭಾಗಿಸಿ ಎಕರೆಗೆ ಇಳಿಸಿಕೊಳ್ಳಿ. ಸಲಹೆಯಲ್ಲಿ 30 ಕೆ.ಜಿ. ಪೊಟ್ಯಾಷ್ ಅಂತ ಬರೆದಿದ್ದರೆ ಅದು ಕೆ2ಒ. ಎಂಒಪಿ ಅನ್ನುವ ಪೊಟ್ಯಾಷ್ ಗೊಬ್ಬರದಲ್ಲಿ ಕೆ2ಒ 60 ಪರ್ಸೆಂಟ್ ಇರುವುದರಿಂದ 50 ಕೆ.ಜಿ.ಯ ಒಂದು ಚೀಲ ಆಗುತ್ತದೆ. ಇನ್ನೊಂದು ಮಾತು. ನಿಮ್ಮ ಕಡೆ ಗರಸು ಮಣ್ಣು ಜಾಸ್ತಿ. ಜರಡಿ ಮೇಲೆ ಉಳಿದ ಕಲ್ಲನ್ನು ನಾವು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ, ಆದರೆ 22.4 ಲಕ್ಷ ಕೆ.ಜಿ.ಯಲ್ಲಿ ಆ ಕಲ್ಲೂ ಸೇರಿಹೋಗಿರುತ್ತದೆ. ಕಾಲು ಭಾಗ ಕಲ್ಲಿದ್ದರೆ ಹೆಕ್ಟೇರಿನ ಅಂಕಿಯಲ್ಲಿ ಕಾಲು ಭಾಗ ಕಳೆದೇ ನೋಡಿ.

ಪ್ರಶ್ನೆ: ನಮ್ಮ ಅಜ್ಜಿಗೆ ಡಾಕ್ಟರು ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್ ಬರೆದಿದ್ದಾರೆ. ಬಾಟಲಿ ಮೇಲೆ 40 ಅಂತ ಇದೆ. ಸಿರಿಂಜ್ ಮುಗಿದಿತ್ತು, ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಮುಚ್ಚಳದ್ದು ಕೊಟ್ಟರು. 20ರ ಗೆರೆಗೆ ಎಳೆದರೆ ಮೊದಲಿಗಿಂತ ಕಡಿಮೆ ಔಷಧಿ ಕಾಣುತ್ತದೆ. ನಾಲ್ಕು ದಿನದಿಂದ ಸಕ್ಕರೆ 300ರ ಮೇಲೆ. ಯೂನಿಟ್ ಅಂದರೆ ಎಲ್ಲಾ ಕಡೆ ಒಂದೇ ಅಲ್ವಾ?
— ಲಿಂಗಸುಗೂರಿನಿಂದ ಒಬ್ಬ ಮೊಮ್ಮಗಳು

ಉತ್ತರ: ಈ ಕಾಗದಕ್ಕೆ ನಾನು ಪತ್ರಿಕೆ ಬರುವ ತನಕ ಕಾಯಲಿಲ್ಲ, ಅವತ್ತೇ ಫೋನ್ ಮಾಡಿದೆ. ಬೇರೆ ಮನೆಗಳಲ್ಲೂ ಹೀಗೆ ಆಗಬಾರದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಗಳೇ, ಯೂನಿಟ್ ಒಂದೇ. ಒಂದು ಮಿ.ಲೀ.ಯಲ್ಲಿ ಎಷ್ಟು ಯೂನಿಟ್ ಅನ್ನುವುದು ಬೇರೆ. ನಿಮ್ಮ ಬಾಟಲಿಯಲ್ಲಿ ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಅದರ ಗೆರೆಗಳನ್ನು 40ರ ಲೆಕ್ಕಕ್ಕೇ ಹಾಕಿರುತ್ತಾರೆ. ಕಿತ್ತಳೆ ಮುಚ್ಚಳದ್ದು ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ. ಅದರಲ್ಲಿ 20ರ ಗೆರೆ ಅಂದರೆ 0.2 ಮಿ.ಲೀ. ನಿಮ್ಮ ಬಾಟಲಿಯ ಔಷಧಿ ಅಷ್ಟು ಎಳೆದರೆ 0.2 ಸಲ 40, ಬರೀ 8 ಯೂನಿಟ್. ಅಜ್ಜಿಗೆ ನಾಲ್ಕು ದಿನ 20ರ ಬದಲು 8 ಹೋಗಿದೆ. ಔಷಧಿ ಕಡಿಮೆ ಕಾಣುತ್ತದೆ ಅಂತ ನೀವು ಗಮನಿಸಿದ್ದೇ ದೊಡ್ಡದು.

ಇದರ ತಿರುಗುಮುರುಗು ಇನ್ನೂ ಅಪಾಯ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಮಿ.ಲೀ. ಬರುತ್ತದೆ. ಅದರಲ್ಲಿ 50 ಯೂನಿಟ್. ಎರಡೂವರೆ ಪಟ್ಟು. ವಯಸ್ಸಾದವರಿಗೆ ಸಕ್ಕರೆ ಬಿದ್ದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ಗಳು ಸಾಮಾನ್ಯವಾಗಿ 100ರವು. ಪೆನ್ ಕೆಟ್ಟಿದೆ ಅಂತ ಅದರಿಂದ ಸಿರಿಂಜಿಗೆ ಎಳೆಯುವ ಕೆಲಸ ಯಾವತ್ತೂ ಮಾಡಬೇಡಿ.

ಈ ಅಂಕಣದಲ್ಲಿ ಎಲ್ಲದಕ್ಕೂ ಲೆಕ್ಕ ಹೇಳಿಕೊಡುತ್ತೇನೆ. ಇದಕ್ಕೆ ಮಾತ್ರ ಮನೆಯಲ್ಲಿ ಲೆಕ್ಕ ಹಾಕಿ ಹೊಂದಿಸಬೇಡಿ ಅಂತಲೇ ಹೇಳುತ್ತೇನೆ. ಬಾಟಲಿಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಇಲ್ಲದಿದ್ದರೆ ಸಿರಿಂಜನ್ನು ವಾಪಸ್ ಕೊಟ್ಟು ಸರಿಯಾದದ್ದು ತನ್ನಿ. ಹೋದ ದಿನಗಳ ಬಾಕಿ ಅಂತ ಒಟ್ಟಿಗೆ ಜಾಸ್ತಿ ಚುಚ್ಚಬೇಡಿ, ಡಾಕ್ಟರಿಗೆ ನಡೆದದ್ದನ್ನು ಹೇಳಿ. ಲಿಂಗಸುಗೂರಿನ ಅಜ್ಜಿ ಈಗ ಚೆನ್ನಾಗಿದ್ದಾರೆ.

ಮಕ್ಕಳ ಜ್ವರದ ಔಷಧಿ ಬಗ್ಗೆ ಕುಂದಾಪುರದ ಒಬ್ಬ ತಾಯಿ ಕೇಳಿದ್ದಕ್ಕೂ ಇದೇ ಉತ್ತರ. ಪ್ಯಾರಾಸಿಟಮಾಲ್ ಹನಿ ಔಷಧಿಯಲ್ಲಿ ಸಾಮಾನ್ಯವಾಗಿ ಮಿ.ಲೀ.ಗೆ 100 ಎಂಜಿ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಎಂಜಿ, ಅಂದರೆ ಮಿ.ಲೀ.ಗೆ 25 ಅಷ್ಟೇ. ಅದೇ ಸಿರಪ್ 5 ಮಿ.ಲೀ.ಗೆ 250 ಎಂಜಿಯದ್ದೂ ಬರುತ್ತದೆ. "ಎರಡು ಮಿ.ಲೀ. ಕೊಡು" ಅಂತ ಅತ್ತೆಯೋ ನೆರೆಯವರೋ ಹೇಳಿದರೆ ಯಾವ ಬಾಟಲಿಯಿಂದ ಅಂತ ಕೇಳಿ.

ಪ್ರಶ್ನೆ: ನರ್ಸಿಂಗ್ ಓದುತ್ತಿದ್ದೇನೆ. ಸಲೈನ್ ಬಾಟಲಿ ಮೇಲೆ 0.9 ಪರ್ಸೆಂಟ್ ಅಂತಲೂ ಇದೆ, ಸೋಡಿಯಂ 154 ಮಿಲಿಈಕ್ವಿವಲೆಂಟ್ ಅಂತಲೂ ಇದೆ. ಹೇಗೆ?
— ಮಂಡ್ಯದಿಂದ

ಪ್ರಶ್ನೆ: ಕಾಲುವೆ ನೀರಿನಿಂದ ಗದ್ದೆ ಚೌಳಾಗಿದೆ. ಮಣ್ಣಿನ ರಿಪೋರ್ಟಿನಲ್ಲಿ ಸೋಡಿಯಂ 6 ಮಿಲಿಈಕ್ವಿವಲೆಂಟ್/100 ಗ್ರಾಂ ಅಂತ ಇದೆ. ಹೊಸ ರಿಪೋರ್ಟಿನಲ್ಲಿ ಸೆಂಟಿಮೋಲ್/ಕೆ.ಜಿ. ಅಂತ ಬಂದಿದೆ, ಅಲ್ಲೂ 6. ಜಿಪ್ಸಂ ಎಷ್ಟು ಹಾಕಬೇಕು?
— ಸಿಂಧನೂರಿನಿಂದ

ಉತ್ತರ: ಈ ಎರಡೂ ಕಾಗದ ಒಂದೇ ದಿನದ ಅಂಚೆಯಲ್ಲಿ ಬಂದವು. ಉತ್ತರವೂ ಒಂದೇ ಇರಲಿ.

ಮೋಲ್ ಅಂದರೆ ತಲೆ ಎಣಿಸುವುದು. ಈಕ್ವಿವಲೆಂಟ್ ಅಂದರೆ ಕೈ ಎಣಿಸುವುದು, ಕಣದ ಮೇಲಿನ ಚಾರ್ಜೇ ಆ ಕೈ. ಸೋಡಿಯಂಗೆ ಒಂದು ಕೈ, ಕ್ಯಾಲ್ಸಿಯಂಗೆ ಎರಡು ಕೈ. ಹಾಗಾಗಿ ಸೋಡಿಯಂನಲ್ಲಿ ಒಂದು ಮಿಲಿಮೋಲ್ ಅಂದರೆ ಒಂದು ಮಿಲಿಈಕ್ವಿವಲೆಂಟ್. ಕ್ಯಾಲ್ಸಿಯಂನಲ್ಲಿ ಒಂದು ಮಿಲಿಮೋಲ್ ಅಂದರೆ ಎರಡು. ಮಂಡ್ಯದವರ ಸಲೈನ್ 0.9 ಪರ್ಸೆಂಟ್ ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ಉಪ್ಪಿನ ಒಂದು ಮೋಲ್ 58.44 ಗ್ರಾಂ. 9000 ಮಿಲಿಗ್ರಾಂ ಅನ್ನು 58.44ರಿಂದ ಭಾಗಿಸಿ, 154 ಬಂತು. ಇದೇ ದಾರಿಯಲ್ಲಿ 15 ಪರ್ಸೆಂಟಿನ 10 ಮಿ.ಲೀ. ಪೊಟ್ಯಾಷಿಯಂ ಕ್ಲೋರೈಡ್ ಆಂಪೂಲ್ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. ಒಂದು ಮೋಲ್ 74.5 ಗ್ರಾಂ. 20 ಮಿಲಿಈಕ್ವಿವಲೆಂಟ್ ಬರಬೇಕು. ಆ ಸಣ್ಣ ಆಂಪೂಲನ್ನು ನೀರುಗೂಡಿಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ವಾರ್ಡಿಗೆ ಹೋಗುವ ಮೊದಲೇ ಇದು ನಿಮ್ಮ ಮನಸ್ಸಿನಲ್ಲಿ ಕೂತಿರಲಿ.

ಸಿಂಧನೂರಿನವರೇ, 100 ಗ್ರಾಂಗೆ ಮಿಲಿಈಕ್ವಿವಲೆಂಟ್ ಅನ್ನುವುದು ಹಳೆಯ ಹೆಸರು. ಕೆ.ಜಿ.ಗೆ ಸೆಂಟಿಮೋಲ್ ಅನ್ನುವುದು ಹೊಸ ಹೆಸರು. ಮಣ್ಣಿನ ರಿಪೋರ್ಟಿನ ಸೆಂಟಿಮೋಲ್ ಕೂಡ ಕೈ ಲೆಕ್ಕದ್ದೇ, ಅದಕ್ಕೇ ಅಂಕಿ ಬದಲಾಗಿಲ್ಲ. ನಿಮ್ಮ ಎರೆಮಣ್ಣಿನ ಕಣವನ್ನು ಸೋಡಿಯಂ ಕೈ ಹಿಡಿದು ಕೂತಿದೆ. ಅದಕ್ಕೇ ನೀರು ಇಂಗುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ. ಜಿಪ್ಸಂನಲ್ಲಿರುವ ಒಂದು ಕ್ಯಾಲ್ಸಿಯಂ ಬಂದು ಎರಡು ಸೋಡಿಯಂ ಅನ್ನು ಎಬ್ಬಿಸುತ್ತದೆ. ಒಂದು ಮಿಲಿಈಕ್ವಿವಲೆಂಟ್ ಸೋಡಿಯಂ ಎಬ್ಬಿಸಲು 86 ಮಿಲಿಗ್ರಾಂ ಜಿಪ್ಸಂ ಬೇಕು. 100 ಗ್ರಾಂ ಮಣ್ಣಿಗೆ 86 ಅಂದರೆ ಕೆ.ಜಿ.ಗೆ 860. 22.4 ಲಕ್ಷ ಕೆ.ಜಿ.ಗೆ ಸುಮಾರು 1.9 ಟನ್. ನಿಮ್ಮ 6ನ್ನು 3ಕ್ಕೆ ಇಳಿಸಬೇಕಾದರೆ ಹೆಕ್ಟೇರಿಗೆ 5.8 ಟನ್, ಎಕರೆಗೆ 2.3 ಟನ್. ಅಂಗಡಿಯ ಜಿಪ್ಸಂ ನೂರಕ್ಕೆ ನೂರು ಶುದ್ಧ ಇರುವುದಿಲ್ಲ, ಚೀಲದ ಮೇಲಿನ ಪರ್ಸೆಂಟ್ ನೋಡಿ ಅಷ್ಟು ಜಾಸ್ತಿ ತನ್ನಿ. ಎದ್ದ ಸೋಡಿಯಂ ಹೊರಗೆ ಹೋಗಲು ಬಸಿಗಾಲುವೆ ಇರಲೇಬೇಕು. ಅದಿಲ್ಲದಿದ್ದರೆ ಎಷ್ಟು ಟನ್ ಸುರಿದರೂ ದುಡ್ಡು ದಂಡ. ನಿಮಗೆ ಹತ್ತಿರದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಚೌಳು ಮಣ್ಣಿನ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಈ ಲೆಕ್ಕ ಹಿಡಿದು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ಬೋರಿನ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 62 ಎಂಜಿ ಇದೆ. ಇಲ್ಲಿ 45ರ ತನಕ ಇರಬಹುದು ಅನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಭಾವ, ಅಲ್ಲಿ 10ಕ್ಕಿಂತ ಜಾಸ್ತಿ ಇರುವಂತಿಲ್ಲ, ನಿಮ್ಮದು ಆರು ಪಟ್ಟು ಇದೆ ಅಂದರು. ಮನೆಯಲ್ಲಿ ನಾಲ್ಕು ತಿಂಗಳ ಮಗು ಇದೆ. ಕುದಿಸಿಯೇ ಕೊಡುತ್ತಿದ್ದೇವೆ.
— ಪಾವಗಡದಿಂದ

ಉತ್ತರ: ಭಾವ ಹೇಳಿದ 10 ನೈಟ್ರೇಟ್‌ನೊಳಗಿನ ಸಾರಜನಕದ ಲೆಕ್ಕ. ನಮ್ಮ 45 ಇಡೀ ನೈಟ್ರೇಟ್‌ನದು. ಸಾರಜನಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. 10ಕ್ಕೆ 44.3 ಬಂತು. ಎರಡು ದೇಶದ ಗೆರೆಯೂ ಒಂದೇ ಜಾಗದಲ್ಲಿದೆ. ನಿಮ್ಮ 62 ಅಂದರೆ ಭಾವನ ಲೆಕ್ಕದಲ್ಲಿ 14. ಆರು ಪಟ್ಟು ಖಂಡಿತ ಇಲ್ಲ, ಆದರೆ ಎರಡೂ ಕಡೆಯ ಮಿತಿಗಿಂತ ಜಾಸ್ತಿಯೇ.

ನನಗೆ ಚಿಂತೆಯಾದದ್ದು ನಿಮ್ಮ ಕೊನೆಯ ಸಾಲು. ಆರು ತಿಂಗಳೊಳಗಿನ ಮಗುವಿನ ಹೊಟ್ಟೆಯಲ್ಲಿ ನೈಟ್ರೇಟ್ ಬದಲಾಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗುತ್ತದೆ, ತುಟಿ ಉಗುರು ನೀಲಿಗಟ್ಟುತ್ತದೆ. ತಾಯಿಹಾಲು ಇದ್ದರೆ ಮಗುವಿಗೆ ಅದೊಂದೇ ಸಾಕು. ಹಾಲಿನ ಪುಡಿ ಕಲಸಲೇಬೇಕಾದರೆ ಈ ಬೋರಿನ ನೀರು ಬೇಡ, ಆರ್‌ಓ ಘಟಕದ ನೀರು ತನ್ನಿ. ತುಟಿ ನೀಲಿ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಎಲ್ಲೂ ಹೋಗುವುದಿಲ್ಲ. ಒಂದು ಲೀಟರ್ ಕುದ್ದು ಮುಕ್ಕಾಲು ಲೀಟರ್ ಆದರೆ ಆ 62 ಎಂಜಿ ಪೂರ್ತಿ ಉಳಿದ ಮುಕ್ಕಾಲು ಲೀಟರಿನಲ್ಲೇ ಇರುತ್ತದೆ. ಅಂದರೆ ಲೀಟರಿಗೆ 83.